ಬಚ್ಚಲುಮನೆಯ ಅರ್ಧಚಂದ್ರ

ನಮ್ಮ ಬಚ್ಚಲುಮನೆಯ ಗೋಡೆಯಲ್ಲಿ ಸೋಪಿಡಲು ಒಂದು ಗೂಡು ಇತ್ತು. ಕಬ್ಬಿಣದ್ದು, ಅರ್ಧಚಂದ್ರದ ಆಕಾರದ್ದು. ಎರಡು ಮೊಳೆ ಹೊಡೆದು ನಮ್ಮ ಅತ್ತೆಯೇ ಅದನ್ನು ಅಲ್ಲಿ ಕೂರಿಸಿದ್ದರು. ನೆಂಟರು ಬಂದಾಗ, "ಇದೇನು, ಇಷ್ಟು ಗಟ್ಟಿಮುಟ್ಟಾಗಿದೆ! ಎಲ್ಲಿ ತಂದಿರಿ?" ಎಂದು ಕೇಳುತ್ತಿದ್ದರು. ಅತ್ತೆ ಹೆಮ್ಮೆಯಿಂದ ಹೇಳುತ್ತಿದ್ದರು: "ತಂದಿದ್ದಲ್ಲ, ಉಳಿಸಿದ್ದು."

ಯಾವುದರಿಂದ ಉಳಿಸಿದ್ದು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನಮ್ಮ ಮನೆಯ ಮುಂಭಾಗವೇ ವರ್ಕ್‌ಶಾಪು. ತಗಡಿನ ಚಾವಣಿ, ಹಲಗೆಯ ಗೋಡೆ, ನಡುವೆ ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸ್ ಕೂರಿಸಿದ ಒಂದು ಮೇಜು. ನಮ್ಮ ಯಜಮಾನರು ಅಲ್ಲಿ ಗೇಟು, ಕಿಟಕಿಯ ಗ್ರಿಲ್ಲು, ಮೆಟ್ಟಿಲಿನ ಕಂಬಿ ಮಾಡುತ್ತಾರೆ. ಅಡುಗೆಮನೆಯ ಕಿಟಕಿ ಅತ್ತಲೇ ತೆರೆಯುವುದರಿಂದ ಮದುವೆಯಾದಂದಿನಿಂದ ನಾನು ಪಾತ್ರೆಗಳ ಸದ್ದಿಗಿಂತ ಗ್ರೈಂಡರಿನ ಸದ್ದನ್ನೇ ಹೆಚ್ಚು ಕೇಳಿದ್ದೇನೆ. ಗ್ರೈಂಡರ್ ಅಂದರೆ ಹಿಟ್ಟು ರುಬ್ಬುವುದಲ್ಲ. ಎರಡು ಕೈಯಲ್ಲಿ ಹಿಡಿದು ಕಬ್ಬಿಣ ಕತ್ತರಿಸುತ್ತಾರಲ್ಲ, ಕಿಡಿ ಹಾರಿಸುತ್ತಾ ಕಿರುಚುತ್ತದಲ್ಲ, ಅದು.

ಅಂಥವು ನಮ್ಮಲ್ಲಿ ಎರಡಿವೆ. ದೊಡ್ಡದು ದಪ್ಪ ಕಂಬಿಗೆ, ಚಿಕ್ಕದು ದಿನದ ಕೆಲಸಕ್ಕೆ. ದೊಡ್ಡದಕ್ಕೆ ಹಾಕುವ ಕಟಿಂಗ್ ವೀಲು ತಿಂಡಿ ತಟ್ಟೆಯಷ್ಟು ಅಗಲ. ಕತ್ತರಿಸಿದಂತೆಲ್ಲ ಅದು ಸುತ್ತಲೂ ಸವೆಯುತ್ತಾ ಬರುತ್ತದೆ. ಕೊನೆಗೆ ದಪ್ಪ ಕಂಬಿಗೆ ಎಟುಕುವುದೇ ಇಲ್ಲ. ಆಗ ಎಸೆಯಬೇಕು.

ಆದರೆ ನಮ್ಮ ಅತ್ತೆಗೆ ಎಸೆದು ಗೊತ್ತಿಲ್ಲ. ಅವರ ಕೈಯಲ್ಲಿ ಹರಿದ ಬಟ್ಟೆ ಕಾಲೊರಸು ಆಗುತ್ತದೆ, ಕಾಲೊರಸು ಹರಿದರೆ ಮಸಿಬಟ್ಟೆ ಆಗುತ್ತದೆ, ಮಸಿಬಟ್ಟೆ ಹರಿದರೂ ಎಲ್ಲೋ ಒಂದು ಕಿಂಡಿ ಮುಚ್ಚುತ್ತದೆ. ಸವೆದ ವೀಲನ್ನು ಅವರು ಒಂದು ದಿನ ಕೈಯಲ್ಲಿ ತಿರುಗಿಸಿ ನೋಡಿದರಂತೆ.

"ಲೋ, ಇದನ್ನ ಚಿಕ್ಕ ಮಿಷನ್ನಿಗೆ ಹಾಕು. ನಡುವಿನ ತೂತು ಎರಡಕ್ಕೂ ಒಂದೇ ಅಳತೆ ನೋಡು."

"ಈ ಗಾರ್ಡ್ ಅಡ್ಡ ಬರುತ್ತಲ್ಲಮ್ಮ. ವೀಲು ಒಂದು ಚೂರು ದೊಡ್ಡದು."

"ಅಡ್ಡ ಬಂದರೆ ತೆಗಿ. ಅದೇನು ಹುಟ್ಟುವಾಗಲೇ ಅಂಟಿಕೊಂಡು ಬಂದಿತ್ತಾ?"

ಹಾಗೆ ಚಿಕ್ಕ ಗ್ರೈಂಡರಿನ ಗಾರ್ಡ್, ಅಂದರೆ ವೀಲಿನ ಅರ್ಧಕ್ಕೆ ಮುಚ್ಚಳವಾಗಿ ಕೂರುವ ಕಬ್ಬಿಣದ ಅರ್ಧಚಂದ್ರ, ಬಚ್ಚಲುಮನೆಗೆ ಬಂದು ಸೋಪಿನ ಗೂಡಾಯಿತು. ಸವೆದ ವೀಲುಗಳು ಒಂದು ಬಿಸ್ಕತ್ತಿನ ಡಬ್ಬಿ ಸೇರಿದವು. ಎಷ್ಟೋ ವರ್ಷ ಹಾಗೇ ನಡೆಯಿತು. ಯಾರಾದರೂ ಕೇಳಿದರೆ ನಮ್ಮ ಯಜಮಾನರದ್ದು ಒಂದೇ ಮಾತು: "ಏನೂ ಆಗಿಲ್ಲ."

ಇತ್ತೀಚೆಗೆ ಅವರ ಕೈಬೆರಳು ಜೋಮು ಹಿಡಿಯತೊಡಗಿತು. ಇಷ್ಟು ವರ್ಷ ಮಿಷನ್ನಿನ ನಡುಕವನ್ನೆಲ್ಲ ಕುಡಿದ ಕೈ. ಬೆಳಿಗ್ಗೆ ಅಂಗಿಯ ಗುಂಡಿ ಹಾಕುವುದಕ್ಕೂ ಒದ್ದಾಡುತ್ತಿದ್ದರು. ನಾನು ಹಾಕಿಕೊಡಲು ಹೋದರೆ, "ನಾನೇನು ಮಗುವಾ?" ಎಂದು ಗದರಿ, ಆಮೇಲೆ ಸುಮ್ಮನೆ ನಿಲ್ಲುತ್ತಿದ್ದರು. ಅಂಥ ಹೊತ್ತಿನಲ್ಲೇ ನಮ್ಮ ಮಗಳು ಹೇಳಿದಳು: "ಅಪ್ಪಾ, ಕತ್ತರಿಸೋ ಕೆಲಸ ಇನ್ನು ನಂದು. ಕಲಿಸಿಕೊಡಿ."

ಮಗಳಿಗೆ ಓದು ಮುಗಿದಿತ್ತು. ಬೆಸುಗೆ ಹಾಕುವುದನ್ನು ಅಪ್ಪನಿಂದ ಆಗಲೇ ಕಲಿತಿದ್ದಳು. ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಅತ್ತೆಯಂತೂ ಎದ್ದು ಹೋಗಿ ಬಿಸ್ಕತ್ತಿನ ಡಬ್ಬಿಯನ್ನೇ ತಂದು ಮೊಮ್ಮಗಳ ಮಡಿಲಲ್ಲಿ ಇಟ್ಟರು. "ತಗೋ ಎಡಚಿ. ನಿನ್ನ ಆಸ್ತಿ."

ಎಡಚಿ ಎನ್ನುವುದು ಮನೆಯಲ್ಲಿ ಅವಳಿಗಿರುವ ಹೆಸರು. ಬರೆಯುವುದು, ತಿನ್ನುವುದು, ಬಾಗಿಲು ತಟ್ಟುವುದು, ಎಲ್ಲಾ ಎಡಗೈಯಲ್ಲೇ.

ಮರುದಿನ ನಾನು ಕಿಟಕಿಯ ಬಳಿ ತರಕಾರಿ ಹೆಚ್ಚುತ್ತಾ ನೋಡುತ್ತಿದ್ದೆ. ಅಪ್ಪ ಮಗಳಿಗೆ ನಿಲ್ಲುವ ಭಂಗಿ ಕಲಿಸುತ್ತಿದ್ದರು. ಪ್ಲಗ್ ಹಾಕಿರಲಿಲ್ಲ. "ಕಾಲು ಇಲ್ಲಿ. ಒಂದು ಕೈ ಹಿಂದೆ, ಸ್ವಿಚ್ಚಿನ ಹತ್ತಿರ. ಇನ್ನೊಂದು ಪಕ್ಕದ ಹಿಡಿಯ ಮೇಲೆ. ತಲೆ ಹೀಗೆ." ಅವರು ತಲೆಯನ್ನು ಎಡಕ್ಕೆ ಸ್ವಲ್ಪ ವಾಲಿಸಿದರು. ಆ ವಾಲುವಿಕೆ ನನಗೆ ಚೆನ್ನಾಗಿ ಗೊತ್ತು. ಊಟಕ್ಕೆ ಕೂತರೂ ಅವರ ಕುತ್ತಿಗೆ ಹಾಗೇ ಇರುತ್ತದೆ. ಕಿಡಿಗಳು ಬಲಗಿವಿಯ ಪಕ್ಕದಿಂದ ಹಾದು ಹಿಂದಿನ ಹಲಗೆಗೆ ಬಡಿಯುತ್ತಿದ್ದವಲ್ಲ, ಅವುಗಳಿಗೆ ದಾರಿ ಬಿಟ್ಟು ಬಿಟ್ಟು ಕುತ್ತಿಗೆಯೇ ಹಾಗಾಗಿತ್ತು.

ಈಗ ಮಗಳು ಮಿಷನ್ ಹಿಡಿದಳು. ಎಡಗೈ ಹಿಂದೆ, ಬಲಗೈ ಮುಂದೆ. ಕಾಲು ಅಪ್ಪನದೇ ಜಾಗದಲ್ಲಿ. ಮುಖ ಮಾತ್ರ ವೀಲಿನ ನೇರಕ್ಕೆ ಬಂತು.

ನನ್ನ ಕೈಯಲ್ಲಿದ್ದ ಚಾಕು ನಿಂತಿತು. ಏನು ತಪ್ಪು ಎಂದು ಹೇಳಲು ಬರಲಿಲ್ಲ.

"ರೀ, ಅವಳು ಎಡಚಿ ಕಣ್ರೀ."

"ಗೊತ್ತಿಲ್ಲವೇನೇ ನನಗೆ? ಬಲಗೈ ರೂಢಿಯಾಗುತ್ತೆ ಬಿಡು. ಸೋಮವಾರದಿಂದ ಗೇಟಿನ ಕೆಲಸ, ಅಷ್ಟರಲ್ಲಿ ಪಳಗುತ್ತಾಳೆ."

ಬಲಗೈಯಲ್ಲಿ ಹಿಡಿಸಿದರು. ಬಾವಿಯಿಂದ ತುಂಬಿದ ಕೊಡ ಎತ್ತುವವಳಂತೆ ಅವಳ ಕೈ ನಡುಗಿತು. ಮಿಷನ್ ಇನ್ನೂ ಓಡಿರಲೂ ಇಲ್ಲ.

ಆ ದಿನಗಳಲ್ಲಿ ಪಕ್ಕದ ಹೊಸ ಮನೆಯ ಅಡುಗೆಕಟ್ಟೆಗೆ ಕಲ್ಲು ಹಾಕುತ್ತಿದ್ದರು. ಕಲ್ಲಿಗೆ ಪಾಲಿಶ್ ಮಾಡಲು ಬಂದವಳಿಗೆ ಸುತ್ತಮುತ್ತಲಿನವರೆಲ್ಲ ಕನ್ನಡಿಯಕ್ಕ ಎನ್ನುತ್ತಾರೆ. ತಲೆಗೆ ಟೋಪಿ, ಮೂಗಿಗೆ ಮಾಸ್ಕ್, ಕಣ್ಣಿಗೆ ದಪ್ಪ ಕನ್ನಡಕ. ಅದೆಲ್ಲ ಕಳಚಿದ ಮೇಲೇ ಒಳಗೆ ನಗುವ ಹೆಂಗಸು ಇದ್ದಾಳೆ ಎಂದು ತಿಳಿಯುವುದು. ಅವಳು ನಮ್ಮ ಬಾಗಿಲಿಗೆ ಬಂದು, "ಅಕ್ಕಾ, ಗ್ರೈಂಡರಿನ ಸ್ಪ್ಯಾನರ್ ಇದ್ದರೆ ಕೊಡಿ, ನಂದು ಸಿಮೆಂಟಿನ ರಾಶಿಯಲ್ಲಿ ಸಮಾಧಿಯಾಗಿದೆ" ಎಂದಳು.

ಸ್ಪ್ಯಾನರ್ ಕೊಡಲು ನಾನೇ ಹೋದೆ. ಹೋದವಳು ಅಲ್ಲೇ ನಿಂತುಬಿಟ್ಟೆ.

ಅವಳ ಕೈಯಲ್ಲಿದ್ದದ್ದು ನಮ್ಮದರಂಥದೇ ಚಿಕ್ಕ ಗ್ರೈಂಡರು. ವೇಗ ತಗ್ಗಿಸಲು ಒಂದು ತಿರುಗಣೆ ಇತ್ತು, ಅಷ್ಟೇ ವ್ಯತ್ಯಾಸ. ಆದರೆ ಅವಳ ಚೀಲದಲ್ಲಿ ಏನೆಲ್ಲ ಇತ್ತು! ಒಂದೊಂದನ್ನೇ ತೆಗೆದು ಹಾಸಿದ ಬಟ್ಟೆಯ ಮೇಲೆ ಇಟ್ಟಳು.

"ಇದು ಕಬ್ಬಿಣ ಕತ್ತರಿಸೋ ತೆಳು ವೀಲು. ಇದರ ಅಂಚು ಮಾತ್ರ ಕೆಲಸಕ್ಕೆ. ಪಕ್ಕದಿಂದ ಉಜ್ಜಿದಿರೋ, ಮುರಿಯುತ್ತೆ. ಉಜ್ಜೋಕೆ ಈ ದಪ್ಪದ್ದು ಇದೆ. ಬೆಸುಗೆಯ ಗಂಟು ಇಳಿಸುತ್ತೆ. ಇದು ನೋಡಿ, ಎಸಳಿನ ಮೇಲೆ ಎಸಳು ಜೋಡಿಸಿದ ಹಾಗಿದೆಯಲ್ಲ, ಉಜ್ಜುಗಾಗದದ ವೀಲು. ಗಂಟು ಇಳಿದ ಮೇಲೆ ನಯ ಮಾಡೋಕೆ. ಇದು ತಂತಿ ಬ್ರಷ್ಷು. ತುಕ್ಕು, ಹಳೇ ಬಣ್ಣ ಎಲ್ಲ ಕಿತ್ತು ಹಾಕುತ್ತೆ. ಆದರೆ ಆಗಾಗ ಒಂದೊಂದು ತಂತಿ ಬಾಣದ ಹಾಗೆ ಹಾರುತ್ತೆ, ಕನ್ನಡಕ ಇಲ್ಲದೆ ಮುಟ್ಟಂಗಿಲ್ಲ. ಇದು ವಜ್ರದ ವೀಲು."

"ವಜ್ರ? ನಿಜವಾದ ವಜ್ರ?"

"ನಿಜವಾದದ್ದೇ. ಅಂಚಿಗೆ ವಜ್ರದ ಪುಡಿ ಕೂರಿಸಿದ್ದಾರೆ. ಕಲ್ಲು, ಟೈಲ್ಸು ಇದಕ್ಕೇ ತಲೆಬಾಗೋದು. ನಮ್ಮ ಕೊರಳಿಗಂತೂ ಬರಲಿಲ್ಲ, ಕೈಗಾದರೂ ಬಂತಲ್ಲ!"

ಕೊನೆಗೆ ಮೆತ್ತನೆಯ ಒಂದು ಪ್ಯಾಡ್ ಸಿಕ್ಕಿಸಿ, ವೇಗ ತಗ್ಗಿಸಿ, ಕಲ್ಲಿನ ಮೇಲೆ ಓಡಿಸಿದಳು. ಮಂಕಾಗಿದ್ದ ಕರಿಕಲ್ಲು. ಮಗುವಿನ ಬೆನ್ನು ಸವರುವ ಹಾಗೆ ಸುಮ್ಮನೆ ಆ ಕಡೆ ಈ ಕಡೆ ಸವರುತ್ತಿದ್ದಳು. ಒಂದು ಪ್ಯಾಡ್ ತೆಗೆದು ಅದಕ್ಕಿಂತ ನಯದ್ದು, ಅದು ತೆಗೆದು ಇನ್ನೂ ನಯದ್ದು. ಕೊನೆಗೆ ಮಿಷನ್ ನಿಲ್ಲಿಸಿ, ಒಣಬಟ್ಟೆಯಿಂದ ಒರೆಸಿ, "ಬನ್ನಿ ಅಕ್ಕ, ನೋಡಿ" ಎಂದಳು.

ನಾನು ಬಗ್ಗಿದೆ. ಕಲ್ಲಿನೊಳಗಿಂದ ಒಬ್ಬಳು ನನ್ನನ್ನೇ ನೋಡುತ್ತಿದ್ದಳು. ಕೆನ್ನೆಗೆ ಹಿಟ್ಟು ಮೆತ್ತಿತ್ತು. ಅವಳ ಹಿಂದೆ ಕಿಟಕಿ, ಕಿಟಕಿಯಾಚೆ ಆಕಾಶ, ಅದರಲ್ಲಿ ಒಂದು ತುಂಡು ಮೋಡ. ಕಲ್ಲಿನ ಹೊಟ್ಟೆಯಲ್ಲಿ ಮೋಡ! ಇಷ್ಟು ವರ್ಷ ನಮ್ಮ ಮನೆಯಲ್ಲಿ ಬೆಂಕಿ ಉಗುಳುತ್ತಿದ್ದುದು ಇದೇ ಮಿಷನ್ನೇ? ಇದಕ್ಕೆ ಇಂಥ ಕೈಯೂ ಇತ್ತೇ? ಕೆನ್ನೆಯ ಹಿಟ್ಟನ್ನೂ ಒರೆಸಿಕೊಳ್ಳದೆ ನಿಂತಿದ್ದೆ.

ಆಮೇಲೆ ಮೆಲ್ಲಗೆ ಕೇಳಿದೆ: "ಕನ್ನಡಿಯಕ್ಕ, ನಿನ್ನ ಮಿಷನ್ನಿಗೆ ಈ ಅರ್ಧಚಂದ್ರ ಏಕೆ? ನಮ್ಮದಕ್ಕಿಲ್ಲ."

ಅವಳು ಕತ್ತರಿಸುವ ವೀಲು ಹಾಕಿ ಗಾರ್ಡ್ ಬಿಗಿಯುತ್ತಿದ್ದಳು. ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಇಲ್ಲ ಅಂದರೆ? ಬಿದ್ದುಹೋಯಿತಾ?"

"ಬಚ್ಚಲಲ್ಲಿದೆ. ಸೋಪಿಡೋಕೆ."

ಅವಳಿಗೆ ನಗು ಬಂತು. ಆಮೇಲೆ ಆ ನಗು ಅರ್ಧಕ್ಕೇ ನಿಂತಿತು. ನಾನು ಸೋಮವಾರದ ವಿಷಯ, ಎಡಗೈಯ ವಿಷಯ ಹೇಳಿದೆ. "ನಡೀರಿ ಅಕ್ಕ, ಸ್ಪ್ಯಾನರ್ ವಾಪಸ್ ಕೊಟ್ಟ ಹಾಗೂ ಆಯಿತು" ಎಂದು ಮಿಷನ್ನನ್ನೂ ಎತ್ತಿಕೊಂಡು ಹೊರಟಳು.

ವರ್ಕ್‌ಶಾಪಿನಲ್ಲಿ ಯಜಮಾನರು ಅಳತೆ ಹಾಕುತ್ತಿದ್ದರು, ಮಗಳು ಎಡಗೈಯಲ್ಲಿ ಬರೆದುಕೊಳ್ಳುತ್ತಿದ್ದಳು. ಅತ್ತೆ ಬಾಗಿಲ ಬಳಿ ಹರಿದ ದಿಂಬಿಗೆ ಹೊಲಿಗೆ ಹಾಕುತ್ತಿದ್ದರು. ಕನ್ನಡಿಯಕ್ಕ ಮೇಜಿನ ಮೇಲಿದ್ದ ನಮ್ಮ ಚಿಕ್ಕ ಗ್ರೈಂಡರನ್ನು ನೋಡಿ, "ಏನಣ್ಣ, ಇದಕ್ಕೆ ಮೀಸೆ ಬೋಳಿಸಿಬಿಟ್ಟಿದ್ದೀರಿ?" ಎಂದಳು.

"ಬೋಳಿಸಿ ಎಷ್ಟೋ ವರ್ಷ ಆಯಿತಮ್ಮ. ಏನೂ ಆಗಿಲ್ಲ."

"ಈ ವೀಲು ಇದರದ್ದಾ?"

ಉತ್ತರ ಅತ್ತೆಯಿಂದ ಬಂತು. "ದೊಡ್ಡದರದ್ದು. ಸವೆದು ಚಿಕ್ಕದಾದ ಮೇಲೆ ಚಿಕ್ಕದಕ್ಕೆ ಬರಬೇಕಲ್ಲವೇ? ಅಣ್ಣನ ಅಂಗಿ ತಮ್ಮನಿಗೆ."

"ಅಂಗಿಯಾದರೆ ಸರಿ ಅಜ್ಜಿ. ಇಲ್ಲಿ ತಮ್ಮನೇ ಅಣ್ಣನಿಗಿಂತ ಜೋರಾಗಿ ಓಡೋನು."

"ಯಾರು? ಈ ಪುಟಾಣಿಯಾ?" ಅತ್ತೆ ಸೂಜಿ ಕೆಳಗಿಟ್ಟರು. ಯಜಮಾನರೂ ತಲೆ ಎತ್ತಿದರು. ದೊಡ್ಡದು ಗುಡುಗುತ್ತದೆ, ಅದರ ಆರ್ಭಟವೇ ಹೆಚ್ಚು. ಹಾಗಾಗಿ ವೇಗವೂ ಅದರದ್ದೇ ಹೆಚ್ಚೆಂದು ನಾವೆಲ್ಲ ನಂಬಿದ್ದೆವು.

ಕನ್ನಡಿಯಕ್ಕ ಮೊದಲು ಪ್ಲಗ್ ಕಿತ್ತಳು. ಆಮೇಲೆ ನಮ್ಮ ಎರಡೂ ಮಿಷನ್ನಿನ ಮೈಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು. "ಎಡಚಿ, ನಿನ್ನ ಕಣ್ಣು ಚುರುಕು, ಓದಮ್ಮ. ಒಂದು ನಿಮಿಷಕ್ಕೆ ಎಷ್ಟು ಸುತ್ತು ಅಂತ ಬರೆದಿರುತ್ತೆ."

ಮಗಳು ಓದಿದಳು. "ದೊಡ್ಡದಕ್ಕೆ ಎಂಟು ಸಾವಿರದ ಐನೂರು. ಚಿಕ್ಕದಕ್ಕೆ..." ಅವಳು ಇನ್ನೊಮ್ಮೆ ಒರೆಸಿ ನೋಡಿದಳು. "ಹನ್ನೊಂದು ಸಾವಿರ! ಅಪ್ಪಾ, ಹನ್ನೊಂದು ಸಾವಿರ ಸುತ್ತು!"

"ಒಂದು ನಿಮಿಷಕ್ಕಾ?" ಅತ್ತೆ ಕೇಳಿದರು. "ನಾನು ಒಂದು ನಿಮಿಷಕ್ಕೆ ಈ ಅಂಗಳವನ್ನ ಎರಡು ಸುತ್ತು ಹಾಕಲ್ಲ."

"ಈಗ ವೀಲಿನ ಮೇಲೆ ಓದು."

"ಎಂಟು ಸಾವಿರದ ಐನೂರು."

"ಅಂದರೆ ಈ ವೀಲನ್ನ ಮಾಡಿದವನು ಹೇಳಿದ್ದಾನೆ, ಇದಕ್ಕಿಂತ ಜೋರಾಗಿ ನನ್ನನ್ನ ತಿರುಗಿಸಬೇಡಿ, ನಾನು ತಡಕೊಳ್ಳಲ್ಲ ಅಂತ. ಅದೂ ಸವೆದು, ಬಳಲಿ, ಎಲ್ಲೆಲ್ಲಿ ಪೆಟ್ಟು ತಿಂದಿದೆಯೋ. ಅದನ್ನೇ ನೀವು ಹನ್ನೊಂದು ಸಾವಿರಕ್ಕೆ ಓಡಿಸುತ್ತಿದ್ದೀರಿ. ಮಿಷನ್ನಿನ ಅಂಕಿಗಿಂತ ವೀಲಿನ ಅಂಕಿ ಯಾವತ್ತೂ ಕಮ್ಮಿ ಇರಬಾರದಣ್ಣ. ತೂತು ಹೊಂದಿದರೆ ಸಾಲದು."

ಯಜಮಾನರು ಕಡ್ಡಿ ಮುರಿದಂತೆ ಹೇಳಿದರು: "ಪುಸ್ತಕದ ಮಾತು. ನನ್ನ ಹತ್ತೂ ಬೆರಳು ಇವೆ, ಎರಡೂ ಕಣ್ಣಿವೆ. ಎಣಿಸಿಕೋ."

ಕನ್ನಡಿಯಕ್ಕ ವಾದಕ್ಕಿಳಿಯಲಿಲ್ಲ. ತನ್ನದೇ ಮಿಷನ್ನಿನ ಪ್ಲಗ್ ಹಾಕಿದಳು. ಹೊಸ ವೀಲು, ಮೇಲೆ ಗಾರ್ಡ್. ನಮ್ಮನ್ನು ದೂರ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ಸ್ವಿಚ್ ಒತ್ತಿದಳು. ವೀಲಿನ ಮೇಲಿನ ಅಕ್ಷರ, ಚಿತ್ರ ಎಲ್ಲ ಒಂದೇ ಕ್ಷಣದಲ್ಲಿ ಕರಗಿ ಒಂದು ಬಣ್ಣದ ಬಳೆಯಾಯಿತು. ಎಷ್ಟು ಜೋರಾಗಿ ಓಡುತ್ತಿತ್ತೆಂದರೆ ನಿಂತ ಹಾಗೇ ಕಾಣುತ್ತಿತ್ತು.

"ಅಜ್ಜಿ, ಈಗ ಆಫ್ ಮಾಡುತ್ತೇನೆ. ನೀವು ಸೂಜಿಗೆ ದಾರ ಹಾಕಿ ನೋಡೋಣ."

ಆಫ್ ಮಾಡಿದಳು. ಅತ್ತೆ ದಾರದ ತುದಿ ನಾಲಿಗೆಗೆ ತಾಗಿಸಿ, ಹೊಸೆದು, ಕಣ್ಣು ಕಿರಿದು ಮಾಡಿ, ಸೂಜಿಗೆ ಪೋಣಿಸಿ, ಎಳೆದು, ತುದಿಗೆ ಗಂಟೂ ಹಾಕಿದರು. ತಲೆ ಎತ್ತಿ ನೋಡಿದರೆ ವೀಲು ಇನ್ನೂ ತಿರುಗುತ್ತಿತ್ತು! ಅತ್ತೆಯ ಬಾಯಿ ತೆರೆದೇ ಇತ್ತು.

"ಅಯ್ಯೋ ಶಿವನೇ! ಕರೆಂಟು ಹೋದ ಮೇಲೂ ಓಡುತ್ತಲ್ಲೇ!"

"ಅದಕ್ಕೇ ಪೂರ್ತಿ ನಿಲ್ಲೋವರೆಗೂ ಕೆಳಗಿಡಬಾರದು ಅಜ್ಜಿ. ವೀಲು ಬದಲಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು."

ಯಜಮಾನರ ಮುಖ ಮಾತ್ರ ಬಿಗಿದೇ ಇತ್ತು. "ಚೆನ್ನಾಗಿ ತೋರಿಸಿದೆ. ಆದರೂ ಇಷ್ಟು ವರ್ಷ ಏನೂ ಆಗಿಲ್ಲ ಅನ್ನೋದು ಸುಳ್ಳಲ್ಲವಲ್ಲ?"

ಸುಳ್ಳಲ್ಲ. ಅದೇ ಕಷ್ಟ. ನನ್ನ ಕಣ್ಣು ಹಲಗೆಯ ಗೋಡೆಯ ಕಡೆಗೆ ಹೋಯಿತು. ಅಲ್ಲಿ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಪ್ರತಿ ವರ್ಷವೂ ಅದರ ತುಂಬ ಸಣ್ಣ ಸಣ್ಣ ತೂತು ಬೀಳುತ್ತಿತ್ತು. ಜಿರಲೆ ತಿಂದಿದೆ ಎಂದು ಅತ್ತೆ ಬೈಯುತ್ತಿದ್ದರು. ನಾನು ಹತ್ತಿರ ಹೋಗಿ ನೋಡಿದೆ. ತೂತುಗಳ ಅಂಚು ಕಂದಿತ್ತು. ಯಾವ ಜಿರಲೆ ಕಾಗದವನ್ನು ಸುಟ್ಟು ತಿನ್ನುತ್ತದೆ?

"ಮಗಳೇ," ಎಂದೆ, "ಮೇಜಿನ ಹತ್ತಿರ ನಿಂತುಕೋ. ಮಿಷನ್ ನಿನ್ನ ಕೈಗೆ ಹೇಗೆ ಬರುತ್ತೋ ಹಾಗೇ ಹಿಡಿ. ಪ್ಲಗ್ ಬೇಡ."

ಅವಳು ಎಡಗೈ ಹಿಂದೆ ಮಾಡಿ ಹಿಡಿದು ನಿಂತಳು. ನಾನು ಅವಳ ಬೆನ್ನ ಹಿಂದಿನ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದೆ. "ರೀ, ಎದುರಿಗೆ ಬಂದು ನೋಡಿ."

ಹಲಗೆಯ ಮೇಲೆ ಒಂದು ಬೀಸಣಿಗೆಯ ಆಕಾರ ಮೂಡಿತ್ತು. ವರ್ಷಗಟ್ಟಲೆ ಕಿಡಿ ಬಡಿದು ಬಡಿದು ಕಪ್ಪಾದ ಸಾವಿರಾರು ಚುಕ್ಕೆಗಳು, ಕೆಳಗೆ ದಟ್ಟವಾಗಿ, ಮೇಲೆ ಹೋದಂತೆ ಹರಡಿಕೊಂಡು. ಅದರ ಪಕ್ಕದಲ್ಲಿ ಹಲಗೆ ಹೊಸದರ ಹಾಗೇ ಇತ್ತು. ನಮ್ಮ ಯಜಮಾನರ ತಲೆ ಇರುತ್ತಿದ್ದ ಜಾಗ ಅದು. ಮಗಳ ತಲೆ ಇದ್ದದ್ದು ಆ ಕಪ್ಪು ಬೀಸಣಿಗೆಯ ನಟ್ಟನಡುವೆ.

ಆ ಚುಕ್ಕೆಗಳು ಭಯವಾಗುವಷ್ಟು ಚಂದ ಇದ್ದವು. ಕಪ್ಪು ಆಕಾಶವೊಂದನ್ನು ನಾವೇ ಕ್ಯಾಲೆಂಡರಿನ ಹಿಂದೆ ಮುಚ್ಚಿಟ್ಟ ಹಾಗೆ.

ಕನ್ನಡಿಯಕ್ಕ ಹಲಗೆಯ ಹತ್ತಿರ ಹೋಗಿ ಬೆರಳಾಡಿಸಿದಳು. "ಅಣ್ಣ, ಇದೇನು?"

ಎಡಚಿಯ ಹಣೆಯ ಎತ್ತರದಲ್ಲಿ ಹಲಗೆಯೊಳಗೆ ಏನೋ ನೆಟ್ಟಿತ್ತು. ಸುಟ್ಟ ರೊಟ್ಟಿಯ ಚೂರಿನ ಹಾಗೆ ಕಪ್ಪಗೆ, ಅಂಚಿನಲ್ಲಿ ಬಲೆಯಂಥ ಎಳೆಗಳು. ವೀಲಿನ ತುಂಡು. ಯಜಮಾನರು ಇಕ್ಕಳ ತಂದು ಎಳೆದರು. ಬರಲಿಲ್ಲ. ಜೋಮು ಹಿಡಿದ ಬೆರಳಿನಿಂದ ಅದನ್ನು ಮುಟ್ಟಿ ನಿಂತರು.

"ಒಂದು ಸಲ ವೀಲು ಚೂರಾಗಿತ್ತು," ಎಂದರು. "ಕೈ ಒಂದು ಸಲ ಜಗ್ಗಿತು. ಬೇರೆ ವೀಲು ಹಾಕಿಕೊಂಡು ಕೆಲಸ ಮುಗಿಸಿದೆ. ಚೂರು ಎಲ್ಲಿ ಹೋಯಿತು ಅಂತ ನೋಡಲೇ ಇಲ್ಲ. ಏನೂ ಆಗಿಲ್ಲ ಅಂದ್ಕೊಂಡೆ."

ಅವರು ತಿರುಗಿ ಮಗಳ ಮುಖ ನೋಡಿದರು. ಅವಳು ಇನ್ನೂ ಮಿಷನ್ ಹಿಡಿದೇ ನಿಂತಿದ್ದಳು. ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟು, ಒಳಗೆ ಹೋದರು. ಬಚ್ಚಲುಮನೆಯಲ್ಲಿ ಸುತ್ತಿಗೆಯ ಸದ್ದು ಕೇಳಿಸಿತು. ಹೊರಗೆ ಬಂದಾಗ ಒಂದು ಕೈಯಲ್ಲಿ ಅರ್ಧಚಂದ್ರ, ಇನ್ನೊಂದರಲ್ಲಿ ಒದ್ದೆ ಸೋಪು.

"ಸೋಪು ಏಕೋ ತಂದೆ?" ಅತ್ತೆ ಕೇಳಿದರು.

"ಇಡೋಕೆ ಜಾಗ ಇಲ್ಲವಲ್ಲಮ್ಮ ಈಗ!"

ಎಲ್ಲರಿಗೂ ನಗು ಬಂತು. ಅವರೂ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು, ಸೋಪಿನ ಕೈಯಲ್ಲೇ. ಆಮೇಲೆ ಕಣ್ಣುರಿ ಎಂದು ಕೂಗಾಡಿದ್ದು ಬೇರೆ ಮಾತು.

ಗಾರ್ಡಿನ ಮೈಗೆ ತುಕ್ಕು ಹಿಡಿದಿತ್ತು. "ತಂತಿ ಬ್ರಷ್ ಹಾಕಿದರೆ ಚಿಟಿಕೆ ಹೊಡೆಯೋದರಲ್ಲಿ ಹೋಗುತ್ತೆ" ಎಂದರು ಯಜಮಾನರು. "ಗಾರ್ಡ್ ಇಲ್ಲದ ಮಿಷನ್ನಿನಿಂದ ಗಾರ್ಡನ್ನೇ ಉಜ್ಜುತ್ತೀರಾ ಅಪ್ಪಾ?" ಎಂದಳು ಮಗಳು. ಅವರು ಗಾರ್ಡನ್ನು ಅವಳ ಕೈಗೆ ಕೊಟ್ಟರು. ಅವಳೇ ಕೂತು ಉಜ್ಜುಗಾಗದದಿಂದ ಕೈಯಲ್ಲೇ ಉಜ್ಜಿದಳು. ಒಳಗಿನ ಕಬ್ಬಿಣ ಗಟ್ಟಿಯಾಗಿಯೇ ಇತ್ತು. ಕನ್ನಡಿಯಕ್ಕ ಅದನ್ನು ತಿರುಗಿಸಿ, ತಟ್ಟಿ, ಹಿಡಿತ ನೋಡಿ, "ಬಿರುಕು ಇದ್ದಿದ್ದರೆ ಹೊಸದೇ ತರಿಸುತ್ತಿದ್ದೆ. ಇದು ಬಾಳುತ್ತೆ" ಎಂದಳು.

"ಮರ ಕೊಯ್ಯೋ ಹಲ್ಲಿನ ಬ್ಲೇಡೂ ಇದೆಯಾ ನಿನ್ನ ಚೀಲದಲ್ಲಿ?" ಯಜಮಾನರು ಕೇಳಿದರು. "ಇದಕ್ಕೇ ಹಾಕಿ ಓಡಿಸೋರನ್ನ ನೋಡಿದ್ದೇನೆ."

"ನಾನೂ ನೋಡಿದ್ದೇನೆ ಅಣ್ಣ. ಅದು ಮರಕ್ಕೆ ಕಚ್ಚಿಕೊಂಡಿತೋ, ಮಿಷನ್ ಹಿಡಿದವನ ಮೇಲೇ ಎಗರುತ್ತೆ. ಅದು ನನ್ನ ಚೀಲಕ್ಕೆ ಬರಲ್ಲ. ಮರಕ್ಕೆ ಮರದ ಗರಗಸ."

ಆಗ ಮಗಳು ಕೂಗಿದಳು. "ಅಪ್ಪಾ! ಈ ಕಡೆಯೂ ಒಂದು ತೂತು ಇದೆ!"

ಮಿಷನ್ನಿನ ಇನ್ನೊಂದು ಪಕ್ಕದಲ್ಲಿ ಗ್ರೀಸು, ಧೂಳು ತುಂಬಿ ಮುಚ್ಚಿಹೋಗಿದ್ದ ಒಂದು ತೂತು. ಅವಳು ಮೊಳೆಯಿಂದ ಕೆದಕಿ ತೆಗೆದಳು. ಒಳಗೆ ಹೊಚ್ಚಹೊಸ ತಿರುಪಿನ ಗೆರೆಗಳು ಮಿನುಗಿದವು. ಪಕ್ಕದ ಹಿಡಿಯನ್ನು ಅಲ್ಲಿಂದ ಬಿಚ್ಚಿ ಇಲ್ಲಿ ತಿರುಗಿಸಿದಳು. ತಾಯಿಯ ಕೈ ಹಿಡಿದ ಮಗುವಿನ ಹಾಗೆ ಕೂತಿತು.

"ಎಡಗೈಯವರಿಗೆ ಅದು," ಎಂದಳು ಕನ್ನಡಿಯಕ್ಕ. "ಗಾರ್ಡನ್ನೂ ಹೀಗೆ ತಿರುಗಿಸು. ಮುಚ್ಚಿದ ಭಾಗ ಯಾವಾಗಲೂ ನಿನ್ನ ಕಡೆಗೆ. ಮುಖ ಯಾವತ್ತೂ ವೀಲಿನ ನೇರಕ್ಕೆ ಬೇಡ, ಗಾರ್ಡ್ ಇದ್ದರೂ ಬೇಡ. ನಿನ್ನ ಕಾಲಿನ ಜಾಗ ಅಪ್ಪನದ್ದಲ್ಲ, ಮೇಜಿನ ಆ ತುದಿ."

ನಾನು ಆ ಪುಟ್ಟ ತೂತನ್ನೇ ನೋಡುತ್ತಿದ್ದೆ. ಈ ಮಿಷನ್ನನ್ನು ಎಲ್ಲೋ ಯಾರೋ ಕೂತು ಯೋಚಿಸಿ ಮಾಡಿದ್ದಾರೆ. ನನ್ನ ಮಗಳನ್ನು ಅವರು ಕಂಡವರಲ್ಲ. ಆದರೂ ಅವಳಂಥವಳು ಒಬ್ಬಳು ಇರುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ಅವಳಿಗಾಗಿ ಒಂದು ಜಾಗ ಇಟ್ಟಿದ್ದರು. ನಾವೇ ಧೂಳು ತುಂಬಿ ಮುಚ್ಚಿದ್ದೆವು.

ಸೋಮವಾರ ಬಂತು. ಹಲಗೆಯ ಗೋಡೆಗೆ ತಗಡು ಹೊದಿಸಿದ್ದಾಯಿತು. ಮಗಳು ಕೂದಲನ್ನು ಟೋಪಿಯೊಳಗೆ ಸೇರಿಸಿದಳು. ಹೆಗಲ ಮೇಲಿನ ವೇಲು ಮನೆಯೊಳಗೇ ಉಳಿಯಿತು. ಮೈಗೆ ಅಂಟಿದ ಹತ್ತಿ ಅಂಗಿ, ಗಟ್ಟಿ ಬೂಟು, ಕಣ್ಣಿಗೆ ಕನ್ನಡಕ, ಅದರ ಮೇಲೆ ಮುಖಕ್ಕೆ ಪಾರದರ್ಶಕ ಪರದೆ, ಮೂಗಿಗೆ ಮಾಸ್ಕ್, ಕಿವಿಗೆ ಸದ್ದು ತಡೆಯುವ ಬೆಣೆ. ಹೊಸ ವೀಲಿನ ನಡುವಿನ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ನೋಡಿದಳು. ಅಂಕಿ ಗಟ್ಟಿಯಾಗಿ ಓದಿದಳು. ಕಂಬಿಯನ್ನು ವೈಸಿಗೆ ಬಿಗಿದಳು. ನಮ್ಮನ್ನು ದೂರ ಕಳಿಸಿ, ಯಾವುದಕ್ಕೂ ತಾಗಿಸದೆ ಸ್ವಲ್ಪ ಹೊತ್ತು ಸುಮ್ಮನೆ ಓಡಿಸಿದಳು. ಆಮೇಲೆ ಮೆಲ್ಲಗೆ, ಒತ್ತದೆ, ಕಂಬಿಯ ಮೇಲೆ ಇಳಿಸಿದಳು.

ಕಿಡಿಗಳು ಎದ್ದವು. ಆದರೆ ಮೇಲಕ್ಕೆ ಬರಲಿಲ್ಲ. ಅರ್ಧಚಂದ್ರಕ್ಕೆ ಬಡಿದು, ಬಾಗಿ, ಅವಳಿಂದ ಆಚೆಗೆ, ನೆಲದ ಕಡೆಗೆ ಜಲಪಾತದ ಹಾಗೆ ಸುರಿದವು. ನೆಲಕ್ಕೆ ಬಿದ್ದು, ಪುಟಿದು, ಆರಿಹೋದವು. ಅವಳ ಪರದೆಯ ಮೇಲೆ ಅವುಗಳ ಬೆಳಕು ಮಾತ್ರ ಆಡುತ್ತಿತ್ತು. ಕಬ್ಬಿಣದ ಕಂಬಿ ಬೆಣ್ಣೆಯ ಹಾಗೆ ಎರಡಾಯಿತು. ಎಷ್ಟೋ ವರ್ಷದಿಂದ ಇದೇ ಕಿಟಕಿಯಿಂದ ಇದನ್ನೇ ನೋಡಿದ್ದೇನೆ. ಅವತ್ತೇ ಮೊದಲ ಸಲ ಭಯವಿಲ್ಲದೆ ನೋಡಿದೆ. ಎಂಥ ಅದ್ಭುತ!

"ನಕ್ಷತ್ರ ಕಣೇ," ಎಂದರು ಅತ್ತೆ ನನ್ನ ಭುಜ ಹಿಡಿದು, ಪಿಸುಮಾತಿನಲ್ಲಿ. "ನಮ್ಮ ಎಡಚಿ ನಕ್ಷತ್ರ ಉದುರಿಸುತ್ತಿದ್ದಾಳೆ."

ಅವಳ ಅಪ್ಪ ಮಾತ್ರ ಕಿಡಿ ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದರು. ಅವರ ಕುತ್ತಿಗೆ ಎಡಕ್ಕೆ ವಾಲಿಯೇ ಇತ್ತು.

ಬಿಸ್ಕತ್ತಿನ ಡಬ್ಬಿ ಏನಾಯಿತು ಎಂದು ಕೇಳುತ್ತೀರಿ. ಸವೆದ ವೀಲನ್ನು ಇನ್ನು ಯಾರೂ ಮಿಷನ್ನಿಗೆ ಹಾಕದಂತೆ ಮಾಡಬೇಕು ಎಂದಿದ್ದಳು ಕನ್ನಡಿಯಕ್ಕ. ಅತ್ತೆ ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೇ ದಿನ ಹಳೇ ಬಟ್ಟೆಯ ಗಂಟು ಬಿಚ್ಚಿ ಕೂತರು. ಒಂದೊಂದು ವೀಲಿಗೂ ದಪ್ಪ ಬಟ್ಟೆ ಸುತ್ತಿ, ನಡುವಿನ ತೂತು ಮುಚ್ಚುವಂತೆ ಹೊಲಿದರು. ಈಗ ನಮ್ಮ ಮನೆಯಲ್ಲಿ ಬಿಸಿ ಪಾತ್ರೆಗಳೆಲ್ಲ ಅವುಗಳ ಮೇಲೇ ಕೂರುತ್ತವೆ. ಕನ್ನಡಿಯಕ್ಕನಿಗೂ ಒಂದು ಕೊಟ್ಟರು. "ಎಸೆದಿಲ್ಲ ನೋಡು," ಎಂದರು, "ಓಡಿಸೋದನ್ನ ನಿಲ್ಲಿಸಿದ್ದೇನೆ, ಅಷ್ಟೇ."

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ. ನಿಮ್ಮ ಮನೆಯಲ್ಲೋ ಪಕ್ಕದ ಕೆಲಸದ ಜಾಗದಲ್ಲೋ ಈ ಮಿಷನ್ ಇದ್ದೇ ಇರುತ್ತದೆ. ಅದು ಕಬ್ಬಿಣ ಕತ್ತರಿಸುತ್ತದೆ, ಕಲ್ಲಿನಲ್ಲಿ ಮೋಡ ತೋರಿಸುತ್ತದೆ. ಅದನ್ನು ಹೆದರಿ ದೂರ ಇಡಿ ಎಂದು ನಾನು ಹೇಳುವುದಿಲ್ಲ. ಇವತ್ತೇ ಹೋಗಿ ಒಂದೇ ಒಂದು ಪ್ರಶ್ನೆ ಕೇಳಿ: "ಇದರ ಗಾರ್ಡ್ ಎಲ್ಲಿದೆ?" ಏನೂ ಆಗಿಲ್ಲ ಎಂದು ಉತ್ತರ ಬಂದರೆ, ಅವರು ನಿಲ್ಲುವ ಜಾಗದ ಹಿಂದಿನ ಗೋಡೆಯನ್ನು ನೋಡಿ. ಮಿಷನ್ನಿನ ಅಂಕಿ, ವೀಲಿನ ಅಂಕಿ ಪಕ್ಕಪಕ್ಕದಲ್ಲಿ ಇಟ್ಟು ಓದಿಸಿ. ಕನ್ನಡಕವನ್ನು ನೀವೇ ಕೈಗೆ ಕೊಡಿ. ಹಾಕಿಕೊಳ್ಳುವವರೆಗೂ ಅಲ್ಲಿಂದ ಕದಲಬೇಡಿ.

ಗಾರ್ಡ್ ಎಲ್ಲಿ ಸೇರಿಕೊಂಡಿದ್ದರೂ ಹುಡುಕಿ ತನ್ನಿ. ಬಚ್ಚಲಲ್ಲೇ ಸಿಕ್ಕರೆ ಸಂಕೋಚ ಬೇಡ, ಮೊಳೆ ಕಿತ್ತು ತನ್ನಿ. ನಮ್ಮ ಮನೆಯ ಸೋಪು ಈಗ ಹಿಡಿ ಮುರಿದ ಒಂದು ಹಳೇ ಲೋಟದಲ್ಲಿ ಸುಖವಾಗಿದೆ.